ಊಟ ಮುಗಿಸಿ ನೋಡಿದ ಅಪ್ಸರಾ ನೃತ್ಯ

ಕಾಂಬೋಡಿಯಾದ ಸಿಯೆಮ್ ರೀಪ್ ಪಟ್ಟಣದಲ್ಲಿ ಸಂಜೆ ಏಳೂವರೆಯಾದರೆ ಅಪ್ಸರೆಯರು ಹಲವು ಕಡೆ ಒಮ್ಮೆಗೇ ಇಳಿಯುತ್ತಾರೆ. ದೊಡ್ಡ ಭೋಜನಶಾಲೆಗಳಲ್ಲಿ, ಹೋಟೆಲುಗಳ ಹುಲ್ಲುಹಾಸಿನ ಮೇಲೆ, ಪಬ್ ಸ್ಟ್ರೀಟಿನ ಮಹಡಿಯ ರೆಸ್ಟೋರೆಂಟುಗಳಲ್ಲಿ, ಎಲ್ಲ ಕಡೆಯೂ ಊಟದೊಂದಿಗೆ ಖ್ಮೇರ್ ನೃತ್ಯ. ಪಕ್ಕದ ಆಂಗ್ಕೋರಿನ ಹಳೆಯ ದೇವಾಲಯಗಳನ್ನು ನೋಡಲು ಹೋದವರು ಒಂದು ಸಂಜೆಯನ್ನು ಇದಕ್ಕೆಂದು ಎತ್ತಿಡುತ್ತಾರೆ. ಹೋಗಿ ಬಂದ ಬಂಧುಗಳನ್ನು ಕೇಳಿದಾಗ ಸಿಕ್ಕ ಉತ್ತರ ಮಾತ್ರ ಒಂದೇ: "ಚೆನ್ನಾಗಿತ್ತು, ಆದರೆ ಬಹಳ ನಿಧಾನ." ನೋಡಿ ಬಂದ ಮೇಲೆ ನನಗನ್ನಿಸಿದ್ದು, ತಪ್ಪು ನೃತ್ಯದ್ದಲ್ಲ, ತಟ್ಟೆಯದು. ಒಂದು ಕಣ್ಣು ಬಫೆಯ ಸಾಲಿನ ಮೇಲೆ, ಇನ್ನೊಂದು ಕಣ್ಣು ವೇದಿಕೆಯ ಮೇಲೆ ಇಟ್ಟುಕೊಂಡವರಿಗೆ ಈ ನೃತ್ಯ ಏನನ್ನೂ ಬಿಟ್ಟುಕೊಡುವುದಿಲ್ಲ. ಅದರ ವ್ಯವಹಾರವೆಲ್ಲ ಬೆರಳ ತುದಿಯಲ್ಲಿ, ಪಾದದ ತಿರುವಿನಲ್ಲಿ ನಡೆಯುತ್ತದೆ.

ನನ್ನ ಜೊತೆಗಿದ್ದವರು ನನ್ನ ಅತ್ತೆ. ತೀರ್ಥಹಳ್ಳಿಯ ಕಡೆಯವರು, ಇಡೀ ರಾತ್ರಿಯ ಯಕ್ಷಗಾನವನ್ನು ತೂಕಡಿಸದೆ ನೋಡಿ ಬೆಳೆದವರು, ಕಟ್ಟಾ ಸಸ್ಯಾಹಾರಿ. ಕುಣಿತದ ವಿಷಯದಲ್ಲಿ ಅವರನ್ನು ಮೆಚ್ಚಿಸುವುದು ಕಷ್ಟ, ಊಟದ ವಿಷಯದಲ್ಲಿ ಇನ್ನೂ ಕಷ್ಟ. ಹಾಗಾಗಿ ಹೋಟೆಲಿನ ಕೌಂಟರಿನಲ್ಲಿ ಕೊಟ್ಟ ಬಣ್ಣದ ಕರಪತ್ರವನ್ನು ನಂಬಿ ಟಿಕೆಟ್ ತೆಗೆದುಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ಆಯ್ಕೆಗಳು ಸ್ಥೂಲವಾಗಿ ಮೂರು ಬಗೆಯವು. ನೂರಾರು ಜನ ಕೂರುವ ಬಫೆ ಸಭಾಂಗಣಗಳು ಮೊದಲನೆಯವು. ಪ್ರವಾಸಿ ಬಸ್ಸುಗಳು ನೇರವಾಗಿ ಬರುವುದು ಇಲ್ಲಿಗೆ, ತಲೆಗೆ ಹದಿನೈದು ಡಾಲರ್ ಆಸುಪಾಸು. ಮೇಜಿಗೇ ತಂದು ಬಡಿಸುವ ಚಿಕ್ಕ ಮರದ ರಂಗಮಂದಿರಗಳು ಮತ್ತು ದೊಡ್ಡ ಹೋಟೆಲುಗಳ ಅಂಗಳಗಳು ಎರಡನೆಯವು. ಇಲ್ಲಿ ದರ ಹೆಚ್ಚು, ಗದ್ದಲ ಕಡಿಮೆ. ಮೂರನೆಯದು, ಊಟ ತೆಗೆದುಕೊಂಡರೆ ನೃತ್ಯಕ್ಕೆ ಬೇರೆ ಹಣ ಕೇಳದ ಪಬ್ ಸ್ಟ್ರೀಟಿನ ರೆಸ್ಟೋರೆಂಟುಗಳು. ಅಲ್ಲಿ ಕೆಳಗಿನ ಬೀದಿಯ ಸಂಗೀತವೂ ಮೇಲಿನ ಸಂಗೀತವೂ ಒಂದರ ಮೇಲೊಂದು ಬೀಳುತ್ತವೆ. ನನ್ನ ಗಂಡನಿಗೆ ನೃತ್ಯಕ್ಕಿಂತ ಫಾರ್ ಸರ್ಕಸ್ ನೋಡುವ ಆಸೆಯಿತ್ತು. ಬಟ್ಟಂಬಾಂಗ್‌ನ ಕಲಾಶಾಲೆಯಲ್ಲಿ ಕಲಿತ ಹುಡುಗ ಹುಡುಗಿಯರು ನಡೆಸುವ ಆ ಸರ್ಕಸ್ಸಿಗೆ ಅವರನ್ನು ಕಳುಹಿಸಿ, ನಾವಿಬ್ಬರು ಒಂದು ಮಧ್ಯಮ ಗಾತ್ರದ ಸಭಾಂಗಣವನ್ನು ಆರಿಸಿಕೊಂಡೆವು.

ಆರಿಸುವ ಮೊದಲು ಮಧ್ಯಾಹ್ನ ಟುಕ್‌ಟುಕ್ ಹಿಡಿದು ಆ ಜಾಗಕ್ಕೇ ಹೋಗಿ ನೋಡಿ ಬಂದೆ. ಆ ಹೊತ್ತಿನಲ್ಲಿ ಸಿಬ್ಬಂದಿಗೆ ಬಿಡುವಿರುತ್ತದೆ, ಕೇಳಿದ್ದಕ್ಕೆ ಸಮಾಧಾನದಿಂದ ಉತ್ತರಿಸುತ್ತಾರೆ. ಸಭಾಂಗಣದಲ್ಲಿ ಉದ್ದನೆಯ ಮೇಜುಗಳನ್ನು ವೇದಿಕೆಯ ಕಡೆಗೆ ಚಾಚಿ ಹಾಕಿದ್ದರು. ಅಂದರೆ ನಡುವೆ ಕುಳಿತವರು ಒಂದು ಗಂಟೆ ಕಾಲ ಕತ್ತು ಹೊರಳಿಸಿಕೊಂಡೇ ಇರಬೇಕು. ಮುಂದಿನ ಮೇಜಿನ ತುದಿಯ ಎರಡು ಕುರ್ಚಿಗಳನ್ನು, ವಾದ್ಯದವರು ಕೂರುವ ಬದಿಯಲ್ಲಿ, ಹೆಸರು ಬರೆಸಿ ಕಾಯ್ದಿರಿಸಿದೆ. ವಾದ್ಯದವರು ನಿಜವಾಗಿ ಬರುತ್ತಾರೆಯೇ ಅಥವಾ ಧ್ವನಿಮುದ್ರಣ ಹಾಕುತ್ತಾರೆಯೇ ಎಂದೂ ಕೇಳಿದೆ. ಟಿಕೆಟ್ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಇನ್ನೊಂದು ಏರ್ಪಾಟನ್ನೂ ಬೇಕೆಂದೇ ಮಾಡಿಕೊಂಡಿದ್ದೆ. ಕಲ್ಲನ್ನು ಮೊದಲು ನೋಡುವುದು, ನೃತ್ಯವನ್ನು ಆಮೇಲೆ. ಆಂಗ್ಕೋರ್ ವಾಟ್‌ನ ಪೂರ್ವದ ಮೊಗಸಾಲೆಯಲ್ಲಿ ಸಮುದ್ರ ಮಥನದ ಉಬ್ಬುಶಿಲ್ಪವಿದೆ, ಹತ್ತಿರ ಹತ್ತಿರ ಐವತ್ತು ಮೀಟರ್ ಉದ್ದ. ಕೆಳಗೆ ದೇವಾಸುರರು ವಾಸುಕಿಯನ್ನು ಹಿಡಿದು ಎಳೆಯುತ್ತಿದ್ದರೆ ಮೇಲೆ ನೊರೆಯಿಂದ ಅಪ್ಸರೆಯರು ಚಿಮ್ಮುತ್ತಾರೆ. ಪ್ರೆಯಾ ಖಾನ್ ದೇವಾಲಯದಲ್ಲಿ ನರ್ತಕಿಯರ ಮಂಟಪವೆಂದೇ ಒಂದಿದೆ. ಬಾಗಿಲ ಮೇಲಿನ ಪಟ್ಟಿಕೆಗಳಲ್ಲಿ ಮಂಡಿ ಬಾಗಿಸಿ ಸಾಲಾಗಿ ಕುಣಿಯುವವರು. ಜಯವರ್ಮ ಏಳನೆಯವನ ಕಾಲದ ತಾ ಪ್ರೋಮ್ ದೇವಾಲಯದ ಶಾಸನ ಅಲ್ಲಿಗೆ ಸೇರಿದವರನ್ನು ಲೆಕ್ಕ ಹಾಕುತ್ತ 615 ನರ್ತಕಿಯರನ್ನು ಹೆಸರಿಸುತ್ತದೆ. ಪ್ರೆಯಾ ಖಾನ್ ಮಂಟಪದಲ್ಲಿ ಅತ್ತೆ ನಿಂತು, "ಈ ಕಾಲು ನೋಡು, ಹಿಂದಕ್ಕೆ ಎತ್ತಿದ್ದಾಳೆ, ಅಂಗಾಲು ಮೇಲಕ್ಕೆ" ಎಂದು ತೋರಿಸಿದರು. ಸಂಜೆ ವೇದಿಕೆಯ ಮೇಲೆ ಅದೇ ಕಾಲು ಕಂಡಾಗ ನಾನು ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. ಖ್ಮೇರ್ ನೃತ್ಯದಲ್ಲಿ ಹಾಗೆ ಪಾದವನ್ನು ಹಿಂದಕ್ಕೆ ಎತ್ತಿದರೆ ಹಾರುತ್ತಿದ್ದಾರೆ ಎಂದರ್ಥ.

ಊಟದ ವಿಷಯ. ಬಫೆ ಆರು ಗಂಟೆಗೆ ತೆರೆಯುತ್ತದೆ, ನೃತ್ಯ ಏಳೂವರೆಗೆ. ನಾವು ಆರಕ್ಕೆ ಸರಿಯಾಗಿ ಹೋದೆವು. ಬಸ್ಸುಗಳು ಬರುವುದು ಆರೂಮುಕ್ಕಾಲರ ನಂತರ. ಅಷ್ಟರಲ್ಲಿ ನಮ್ಮ ಊಟ ಮುಗಿಯುವ ಹಂತದಲ್ಲಿತ್ತು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಕಾಂಬೋಡಿಯಾದಲ್ಲಿ ತರಕಾರಿ ಎಂದು ಕಂಡದ್ದೆಲ್ಲ ತರಕಾರಿಯಲ್ಲ. ಬರಿಯ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಅಥವಾ ಸಿಂಪಿಯ ಸಾಸ್ ಬಿದ್ದಿರುತ್ತದೆ, ಸಾರುಗಳಿಗೆ ಪ್ರಹೋಕ್ ಎಂಬ ಹುದುಗಿಸಿದ ಮೀನಿನ ಗೊಜ್ಜು. "ಮಾಂಸ ಬೇಡ" ಎಂದರೆ ಸಾಲುವುದಿಲ್ಲ. ಬೌದ್ಧರು ವ್ರತದ ದಿನ ಮಾಡುವ ಸಸ್ಯಾಹಾರಕ್ಕೆ "ಬುವಾಹ್" ಎನ್ನುತ್ತಾರೆ. ಆ ಮಾತನ್ನು ಹೇಳಿದ ಕೂಡಲೇ ಅಡುಗೆಯವರಿಗೆ ಎಲ್ಲವೂ ಅರ್ಥವಾಯಿತು. ಮಧ್ಯಾಹ್ನವೇ ಹೇಳಿಟ್ಟಿದ್ದರಿಂದ ನೀರುಬಳ್ಳಿಯ ಸೊಪ್ಪನ್ನು ಬೆಳ್ಳುಳ್ಳಿ ಹಾಕಿ ಬೇರೆ ಬಾಣಲೆಯಲ್ಲಿ ಹುರಿದುಕೊಟ್ಟರು, ಮೀನಿನ ಬದಲು ತೋಫು ಹಾಕಿದ ಅಮೋಕ್ ಕೂಡ ಬಂತು. ಅಮೋಕ್ ಎಂದರೆ ಮಜ್ಜಿಗೆಹುಲ್ಲು, ಗಲಂಗಲ್, ಅರಿಸಿನ, ಕಾಫಿರ್ ನಿಂಬೆಯ ಸಿಪ್ಪೆ ಇತ್ಯಾದಿ ಅರೆದ ಕ್ರೆಯುಂಗ್ ಮಸಾಲೆಯನ್ನು ತೆಂಗಿನ ಹಾಲಿನಲ್ಲಿ ಕಲಸಿ ಬಾಳೆಲೆಯ ದೊನ್ನೆಯಲ್ಲಿ ಹಬೆಗೆ ಇಟ್ಟು ಬೇಯಿಸಿದ್ದು. ಅತ್ತೆ ದೊನ್ನೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕಡ್ಡಿ ಚುಚ್ಚಿದ ರೀತಿಗೆ ಅಂಕ ಕೊಟ್ಟು, ಆಮೇಲೆ ತಿಂದರು. ಸಾಬಕ್ಕಿ ಹಾಕಿದ ಬಾಳೆಹಣ್ಣಿನ ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡರು. ಕುಂಬಳಕಾಯಿಯೊಳಗೆ ತುಂಬಿದ ಸಿಹಿಯಲ್ಲಿ ಮೊಟ್ಟೆಯಿರುತ್ತದೆ, ಅದನ್ನು ಬಿಟ್ಟೆವು. ಏಳೂಕಾಲಿಗೆ ತಟ್ಟೆಗಳನ್ನು ತೆಗೆಸಿ, ಮೇಜಿನ ಮೇಲೆ ನೀರು ಮಾತ್ರ ಇಟ್ಟುಕೊಂಡೆವು.

ವಾದ್ಯಮೇಳದ ಹೆಸರು ಪಿನ್‌ಪೀಟ್. ದೋಣಿಯಾಕಾರದ ಪೆಟ್ಟಿಗೆಯ ಮೇಲೆ 21 ಪಟ್ಟಿಗಳನ್ನು ತೂಗುಬಿಟ್ಟ ರೊನಿಯಾತ್, ವೃತ್ತಾಕಾರದಲ್ಲಿ ಜೋಡಿಸಿದ 16 ಗಂಟೆಜಾಗಟೆಗಳ ಕಾಂಗ್ ವಾಂಗ್, ಕಿವಿಗೆ ನೇರ ನುಗ್ಗುವ ಸ್ರಲಾಯ್ ಎಂಬ ಓಲಗ, ಪುಟ್ಟ ತಾಳ, ಮತ್ತು ಎಲ್ಲರನ್ನೂ ನಡೆಸುವ ಸಾಂಫೊ ಎಂಬ ಎರಡು ಮುಖದ ಚರ್ಮವಾದ್ಯ. ನಮ್ಮಿಂದ ನಾಲ್ಕಡಿ ದೂರದಲ್ಲಿ ಕುಳಿತಿದ್ದ ಸಾಂಫೊದವರು ನುಡಿಸುವ ಮೊದಲು ವಾದ್ಯಕ್ಕೆ ಕೈಮುಗಿದರು. ಅತ್ತೆ ಆ ಕ್ಷಣದಿಂದ ಅವರ ಪಕ್ಷ. ನರ್ತಕಿ ಹೆಜ್ಜೆ ಬದಲಿಸುವುದಕ್ಕೆ ಒಂದು ಕೂದಲೆಳೆ ಮೊದಲು ಸಾಂಫೊ ಮಾತನಾಡುತ್ತದೆ. ಅದನ್ನು ಕೇಳಿಸಿಕೊಳ್ಳಲು ಕಲಿತರೆ "ನಿಧಾನ" ಎನ್ನುವ ದೂರು ತಾನಾಗಿ ನಿಲ್ಲುತ್ತದೆ, ಏಕೆಂದರೆ ಮುಂದೇನು ಎಂಬ ಕುತೂಹಲ ಪ್ರತಿ ಹೆಜ್ಜೆಗೂ ಹುಟ್ಟುತ್ತದೆ.

ಊಟದ ಪ್ರದರ್ಶನಗಳಲ್ಲಿ ಕಾಣಸಿಗುವುದು ಬಿಡಿ ಬಿಡಿ ತುಣುಕುಗಳ ಸರಣಿ. ಮೊದಲು ಹಾರೈಕೆಯ ನೃತ್ಯ, ಹುಡುಗಿಯರು ಬಟ್ಟಲಿನಿಂದ ಹೂವಿನ ಎಸಳುಗಳನ್ನು ತೂರುತ್ತಾರೆ. ಆಮೇಲೆ ಜಾನಪದದ ಸರದಿ: ತೆಂಗಿನ ಚಿಪ್ಪುಗಳನ್ನು ಕುಟ್ಟುವ ಜೋಡಿ ಕುಣಿತ, ಬಿದಿರಿನ ಬುಟ್ಟಿ ಹಿಡಿದ ಹುಡುಗ ಹುಡುಗಿಯರ ಮೀನು ಹಿಡಿಯುವ ನೃತ್ಯ. ಈ ಮೀನಿನ ನೃತ್ಯ ಹಳ್ಳಿಯಿಂದ ನೇರ ಬಂದದ್ದಲ್ಲ, 1960ರ ದಶಕದಲ್ಲಿ ರಾಜಧಾನಿ ನಾಮ್ ಪೆನ್‌ನ ಲಲಿತಕಲಾ ವಿದ್ವಾಂಸರು ಹಳ್ಳಿಯ ಬದುಕನ್ನು ನೋಡಿ ಕಟ್ಟಿದ್ದು. ತುಂಟತನ ಧಾರಾಳವಾಗಿದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನನಗೆ ಒಂದು ಸಾಕಿತ್ತು.

ನಿಜವಾದ ಸ್ವಾರಸ್ಯ ರೀಮ್‌ಕೇರ್ ತುಣುಕಿನಲ್ಲಿತ್ತು. ರೀಮ್‌ಕೇರ್ ಕಾಂಬೋಡಿಯಾದ ರಾಮಾಯಣ; ರಾಮ ಅಲ್ಲಿ ಪ್ರೆಯಾ ರೀಮ್, ಸೀತೆ ನೀಂಗ್ ಸೆಡಾ, ರಾವಣ ಕ್ರೋಂಗ್ ರೀಪ್. ಶಾಸ್ತ್ರೀಯ ನೃತ್ಯದಲ್ಲಿ ಪಾತ್ರಗಳು ನಾಲ್ಕು ವರ್ಗ: ಹೆಣ್ಣು, ಗಂಡು, ಯಕ್ಷ (ಅಂದರೆ ನಮ್ಮ ರಾಕ್ಷಸ), ಕಪಿ. ಚಿಕ್ಕ ವಯಸ್ಸಿನಲ್ಲೇ ಮಗುವಿನ ಮೈಕಟ್ಟು ನೋಡಿ ಗುರುಗಳು ವರ್ಗವನ್ನು ನಿರ್ಧರಿಸುತ್ತಾರೆ, ಸಾಮಾನ್ಯವಾಗಿ ಜೀವಮಾನವಿಡೀ ಅದೇ. ಅಂದು ಆಡಿದ್ದು ಸುವರ್ಣಮತ್ಸ್ಯೆಯ ಪ್ರಸಂಗ. ಲಂಕೆಗೆ ಸೇತುವೆ ಕಟ್ಟುವಾಗ ಹಾಕಿದ ಬಂಡೆಗಳು ರಾತ್ರೋರಾತ್ರಿ ಮಾಯವಾಗುತ್ತವೆ. ಕದಿಯುತ್ತಿರುವವಳು ರಾವಣನ ಮಗಳಾದ ಮತ್ಸ್ಯಕನ್ಯೆ. ಹಿಡಿಯಲು ನೀರಿಗೆ ಧುಮುಕಿದ ಬಿಳಿಯ ಮುಖವಾಡದ ಹನುಮಂತ ಅವಳನ್ನು ಅಟ್ಟಿಸಿಕೊಂಡು ಹೋಗಿ ಹೋಗಿ ಪ್ರೀತಿಯಲ್ಲಿ ಬೀಳುತ್ತಾನೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಇದೇನೇ ಇದು? ಹನುಮಂತ ಬ್ರಹ್ಮಚಾರಿಯಲ್ಲವೇ?"

"ಇಲ್ಲಿ ಅಲ್ಲ, ಅತ್ತೆ. ಮಗನೂ ಹುಟ್ಟುತ್ತಾನೆ, ಮಚ್ಚಾನು ಎಂದು."

ಸ್ವಲ್ಪ ಹೊತ್ತು ಮೌನ. ಆಮೇಲೆ ತಾವೇ ದಾರಿ ಕಂಡುಕೊಂಡರು. ಮೈರಾವಣನ ಕಥೆಯಲ್ಲಿ ಹನುಮಂತನ ಬೆವರಿನ ಹನಿಯನ್ನು ನುಂಗಿದ ಮೀನಿಗೆ ಮಗ ಹುಟ್ಟುತ್ತಾನಲ್ಲ, ಪಾತಾಳದ ಬಾಗಿಲು ಕಾಯುತ್ತಾನಲ್ಲ, ಅವನೇ ಇವನು. "ನಮ್ಮವರು ಬೆವರು ಎಂದು ಹೇಳಿ ಮುಗಿಸಿದರು, ಇವರು ಕುಣಿದು ತೋರಿಸಿದರು" ಎಂದರು. ನಾನು ಓದಿದ ಯಾವ ಪ್ರವಾಸಿ ಕೈಪಿಡಿಯೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಕಪಿಯ ಪಾತ್ರಧಾರಿ ಹುಡುಗ ಪಲ್ಟಿ ಹೊಡೆದು, ತುರಿಸಿಕೊಂಡು, ಮತ್ತೆ ಆ ಹೆಣ್ಣಿನ ಮುಂದೆ ಒಮ್ಮೆಲೇ ಗಂಭೀರನಾಗಿ ನಿಂತ ರೀತಿ ಈಗಲೂ ಕಣ್ಣಿನಲ್ಲಿದೆ. ಮುಖವಾಡದೊಳಗಿನ ಮುಖ ಕಾಣದು. ಕುತ್ತಿಗೆಯ ಬಾಗಿನಲ್ಲೇ ನಾಚಿಕೆ ತೋರಿಸಿದ.

ಅಪ್ಸರಾ ನೃತ್ಯ ಕೊನೆಗೆ. ನರ್ತಕಿಯರು ಗೋಡೆಯ ಶಿಲ್ಪದ ಭಂಗಿಯಲ್ಲೇ ನಿಂತಿರುತ್ತಾರೆ. ನಡುವೆ ಬಿಳಿಯ ಉಡುಪಿನ ಪ್ರಧಾನ ನರ್ತಕಿ, ಸುತ್ತ ಬಣ್ಣದ ಉಡುಪಿನವರು. ಬೆರಳುಗಳು ಮಣಿಕಟ್ಟಿನ ಕಡೆಗೆ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತವೆ. ಎಳವೆಯಿಂದಲೇ ದಿನವೂ ಒತ್ತಿ ಒತ್ತಿ ಸಾಧಿಸಿದ ಬಾಗು ಅದು. ಮುದ್ರೆಗಳ ಮೂಲ ಪಾಠ ಚಿಗುರು, ಎಲೆ, ಹೂವು, ಹಣ್ಣು. ಇಷ್ಟು ತಿಳಿದಿದ್ದರೆ ಕೈಗಳು ಓದಲು ಸಿಗುತ್ತವೆ. ಇದನ್ನು ಸಾವಿರ ವರ್ಷದ ನೃತ್ಯವೆಂದು ಕರಪತ್ರಗಳು ಬರೆಯುತ್ತವೆ. ಶಿಲ್ಪ ಹಳೆಯದು, ಆಸ್ಥಾನದ ನೃತ್ಯ ಪರಂಪರೆಯೂ ಹಳೆಯದು. ಆದರೆ ಈ ಅಪ್ಸರಾ ನೃತ್ಯವನ್ನು ಕಟ್ಟಿಸಿದವರು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ರಾಣಿ ಸಿಸೊವಾತ್ ಕೊಸಮಾಕ್, ಆಂಗ್ಕೋರಿನ ಶಿಲ್ಪಗಳನ್ನು ಮುಂದಿಟ್ಟುಕೊಂಡು. ಅದರ ಪ್ರಧಾನ ನರ್ತಕಿಯಾಗಿ ಹೆಸರಾದವರು ಅವರ ಮೊಮ್ಮಗಳು ರಾಜಕುಮಾರಿ ನೊರೊಡೋಮ್ ಬೊಪ್ಪಾ ದೇವಿ. ಹೊಸತೆಂದು ಗೊತ್ತಾದ ಮೇಲೆ ನನಗೆ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

1975ರಿಂದ 1979ರವರೆಗೆ, ಪೋಲ್ ಪೋಟ್ ನಾಯಕನಾಗಿದ್ದ ಖ್ಮೇರ್ ರೂಜ್ ಪಕ್ಷದ ಆಳ್ವಿಕೆಯಲ್ಲಿ, ಕಲಾವಿದರಲ್ಲಿ ಬಹುಪಾಲು ಜನ ಸತ್ತರು. ಹತ್ತರಲ್ಲಿ ಒಂಬತ್ತು ಎನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಉಳಿದ ಕೆಲವೇ ಗುರುಗಳು ನೆನಪಿನಿಂದ ಮುದ್ರೆಗಳನ್ನು ಒಟ್ಟುಗೂಡಿಸಿದರು. ಅವರಲ್ಲಿ ಚಿಯಾ ಸಾಮಿ ಒಬ್ಬರು, ಸಂಬಂಧದಲ್ಲಿ ಪೋಲ್ ಪೋಟನ ಅತ್ತಿಗೆ. ಈ ಆಸ್ಥಾನ ನೃತ್ಯವನ್ನು 2003ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಸಾರಿತು. ಬಫೆಯ ಪಕ್ಕದಲ್ಲಿ ಕುಣಿಸುವುದು ಕಲೆಗೆ ಅವಮಾನ ಎನ್ನುವವರಿದ್ದಾರೆ. ಕಲಿತ ಹುಡುಗಿಗೆ ರಾತ್ರಿ ರಾತ್ರಿಯೂ ವೇದಿಕೆ, ಕೈಗೆ ಸಂಬಳ, ಪಕ್ಕದಲ್ಲಿ ಜೀವಂತ ಮೇಳ ಸಿಗುವುದು ಬೇರೆ ಎಲ್ಲಿ ಎಂದು ಅವರೇ ಹೇಳಲಿ. ಅವಮಾನವಾಗುವುದು ನಾವು ಚಮಚ ಬಡಿಯುತ್ತ ಕುಳಿತಾಗ.

ಮುಗಿದ ಮೇಲೆ ನೋಡುಗರನ್ನು ಫೋಟೊಗೆ ವೇದಿಕೆಗೆ ಕರೆಯುತ್ತಾರೆ. ಹೋಗಬಹುದು. ನರ್ತಕಿಯ ಹೆಗಲ ಮೇಲೆ ಕೈ ಹಾಕಬಾರದು, ಕಿರೀಟ ಮುಟ್ಟಬಾರದು. ತಲೆ ಅಲ್ಲಿ ಪವಿತ್ರ, ಕಿರೀಟ ಇನ್ನೂ ಪವಿತ್ರ. ಕಾಣಿಕೆ ಪೆಟ್ಟಿಗೆಗೆ ರಿಯೆಲ್ ನೋಟುಗಳನ್ನು ಇಟ್ಟುಕೊಂಡಿರಿ, ಡಾಲರಿಗೆ ಸುಮಾರು ನಾಲ್ಕು ಸಾವಿರ ರಿಯೆಲ್. ಅತ್ತೆ ವೇದಿಕೆಗೆ ಹೋಗದೆ ಸಾಂಫೊದವರ ಬಳಿ ಹೋಗಿ ಕೈಮುಗಿದು ಬಂದರು.

ನಾಮ್ ಪೆನ್‌ಗೂ ಹೋಗುವವರು ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಕಾಂಬೋಡಿಯನ್ ಲಿವಿಂಗ್ ಆರ್ಟ್ಸ್ ಎಂಬ ಸಂಸ್ಥೆ ನಡೆಸುವ ಸಂಜೆಯ ಪ್ರದರ್ಶನವನ್ನು ಎರಡನೆಯದಾಗಿ ನೋಡಿ. ಅಲ್ಲಿ ನೃತ್ಯದ ಹೊತ್ತಿನಲ್ಲಿ ತಟ್ಟೆಗಳಿಲ್ಲ, ಎಲ್ಲ ಕುರ್ಚಿಗಳೂ ವೇದಿಕೆಗೆ ಮುಖ ಮಾಡಿವೆ. ಮೊದಲೇ ಅದನ್ನು ನೋಡಿದರೆ ಊಟದ ಪ್ರದರ್ಶನ ಸಪ್ಪೆಯಾಗಿ ಕಂಡೀತು. ಈ ಕ್ರಮದಲ್ಲಿ ನೋಡಿದರೆ ಪಾತ್ರಗಳೂ ವಾದ್ಯಗಳೂ ಆಗಲೇ ಪರಿಚಿತ. ಮುಗಿದ ಮೇಲೆ ಊಟಕ್ಕೆ ನದಿ ದಂಡೆಯ ಸಿಸೊವಾತ್ ರಸ್ತೆಗೆ ನಡೆದೇ ಹೋಗಬಹುದು, ಆ ಹೊತ್ತಿಗೂ ಅಡುಗೆಮನೆಗಳು ತೆರೆದಿರುತ್ತವೆ.