ಕೆಟ್ಟವನು ಒಳ್ಳೆಯವನಾಗುವ ಸಿನಿಮಾ: ನೋಡಿ ಚರ್ಚೆ ನಡೆಸುವ ಬಗೆ

ಕೆಟ್ಟವನು ಒಳ್ಳೆಯವನಾಗುವ ಸಿನಿಮಾ ಮುಗಿದ ಕೂಡಲೇ ಲೈಟ್ ಹಾಕಿ "ಹೇಗನಿಸಿತು?" ಎಂದು ಕೇಳಿದರೆ ಚರ್ಚೆ ಅಲ್ಲಿಗೇ ಕೆಟ್ಟಂತೆ. ಅರ್ಧ ಜನ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ, ಉಳಿದವರು ಚಪ್ಪಲಿ ಹುಡುಕುತ್ತಿರುತ್ತಾರೆ. "ಒಳ್ಳೆ ಮೆಸೇಜ್ ಇದೆ ಸಾರ್" ಎಂಬ ಒಂದೇ ಮಾತು ಎಲ್ಲರ ಬಾಯಲ್ಲೂ. ಆ ಮೆಸೇಜು ಯಾರಿಗೆ, ಅದರ ಖರ್ಚು ಯಾರ ತಲೆಗೆ ಎಂಬುದನ್ನು ಹೊರಗೆಳೆಯುವುದು ನಡೆಸುವವರ ಕೆಲಸ. ಚಿತ್ರದುರ್ಗದಂಥ ಊರಲ್ಲಿ ಇಪ್ಪತ್ತು, ಇಪ್ಪತ್ತೈದು ಜನರಿಗೆ ಸಾಕಾಗುವ ಕ್ರಮ ಇದು.

ಮೊದಲು ಸಿನಿಮಾ ಆರಿಸಿಕೊಳ್ಳಿ. ಹೊಸಬರ ಗುಂಪಿಗೆ ವಿ. ಶಾಂತಾರಾಂ ಅವರ 1957ರ ಹಿಂದಿ ಚಿತ್ರ 'ದೋ ಆಂಖೇ ಬಾರಹ್ ಹಾಥ್' ಹೇಳಿ ಮಾಡಿಸಿದಂತಿದೆ. ಆರು ಜನ ಕೊಲೆಗಾರರನ್ನು ಜೈಲಿನಿಂದ ಹೊರತಂದು, ಪಾಳುಬಿದ್ದ ಜಮೀನಿನಲ್ಲಿ ದುಡಿಸಿ, ಮನುಷ್ಯರನ್ನಾಗಿ ಮಾಡಲು ಹೊರಟ ಜೈಲರ್ ಆದಿನಾಥನ ಕಥೆ. ಇದಕ್ಕೆ ಇಂದಿನ ಮಹಾರಾಷ್ಟ್ರದ ಔಂಧ್ ಸಂಸ್ಥಾನದಲ್ಲಿ ನಡೆದ ಬಯಲು ಬಂದೀಖಾನೆಯ, ಅಂದರೆ ಗೋಡೆ-ಬೇಲಿ ಇಲ್ಲದ ಜೈಲಿನ, ಪ್ರಯೋಗವೇ ಪ್ರೇರಣೆ. ಕಾನೂನಿನ ಕಡೆಯಿಂದಲೂ ಅನುಕೂಲ: ನಮ್ಮಲ್ಲಿ ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ ಎಣಿಸಿ 60 ವರ್ಷ, ಅಂದರೆ ಇದರದ್ದು 2017ರ ಕೊನೆಗೆ ಮುಗಿಯಿತು. ಅದೇ ದುರ್ಗದ ಕೋಟೆಯಲ್ಲಿ ಚಿತ್ರೀಕರಣವಾದ, 1972ರಲ್ಲಿ ತೆರೆಕಂಡ 'ನಾಗರಹಾವು' ಹಾಕಬೇಕೆಂದರೆ 2032ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು. ಮೊಬೈಲಿನಲ್ಲಿ ಸಿಗುತ್ತದೆ ಎಂದಮಾತ್ರಕ್ಕೆ ಹಾಲ್‌ನಲ್ಲಿ ಹಾಕಬಹುದು ಎಂದಲ್ಲ.

ಪ್ರದರ್ಶನ ಶನಿವಾರ ಸಂಜೆ, ಚರ್ಚೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳಿ. ಒಂದೇ ದಿನ ಎರಡೂ ಮುಗಿಸುವ ಆಸೆ ಬೇಡ. ಸಿನಿಮಾ ಎರಡು ಗಂಟೆಗೂ ಹೆಚ್ಚಿದೆ, ರಾತ್ರಿ ಒಂಬತ್ತೂವರೆಯಾದರೆ ಹಳ್ಳಿ ಬಸ್ಸಿನವರು ಎದ್ದು ಹೊರಡುತ್ತಾರೆ. ಕತ್ತಲಾಗುವ ಮುನ್ನ ಶುರು ಮಾಡಿದರೆ ಪರದೆ ಬಿಳಿಚಿಕೊಳ್ಳುತ್ತದೆ. ಆರೂಮುಕ್ಕಾಲು ಸರಿಯಾದ ಹೊತ್ತು. ಪ್ರೊಜೆಕ್ಟರಿಗೆ ಇನ್ವರ್ಟರ್ ಲೈನ್ ಕೊಡಿ. ಬಲ್ಬು ಕಾದಿರುವಾಗ ಕರೆಂಟ್ ಹೋದರೆ ಒಳಗಿನ ಫ್ಯಾನ್ ನಿಂತು ಬಲ್ಬು ಕೆಡುತ್ತದೆ. ಹಳೆಯ ಚಿತ್ರಗಳ ಧ್ವನಿ ಮೊದಲೇ ಮಂದ, ಅದರ ಮೇಲೆ ಸೀಲಿಂಗ್ ಫ್ಯಾನಿನ ಸದ್ದು ಸೇರಿದರೆ ಸಂಭಾಷಣೆ ಕೇಳುವುದೇ ಇಲ್ಲ. ಸ್ಪೀಕರುಗಳನ್ನು ಪರದೆಯ ಎರಡೂ ಪಕ್ಕ, ಕೂತವರ ಕಿವಿಯ ಎತ್ತರಕ್ಕೆ ಇಡಿ. ಮಂಡಕ್ಕಿ-ಮಿರ್ಚಿ ಇಂಟರ್ವೆಲ್‌ಗೆ ಮಾತ್ರ: ಪೊಟ್ಟಣದ ಕಾಗದದ ಸದ್ದು ಮಾತಿನ ದೃಶ್ಯವನ್ನು ನುಂಗಿಬಿಡುತ್ತದೆ.

ಪ್ರತಿಯೊಬ್ಬರಿಗೂ ಮೂರು ಕಾಲಂ ಎಳೆದ ಒಂದು ಹಾಳೆ, ಒಂದು ಪೆನ್ಸಿಲ್ ಕೊಡಿ. ಮೊದಲ ಕಾಲಂ 'ಏನು ಕಂಡಿತು', ಎರಡನೆಯದು 'ಬದಲಾಗು ಎಂದವರು ಯಾರು', ಮೂರನೆಯದು 'ಬೆಲೆ ತೆತ್ತವರು ಯಾರು'. ಐದಾರು ಸಾಲು ಬರೆದರೆ ಸಾಕು ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಮೇಷ್ಟ್ರುಗಳು ಹಾಳೆ ತುಂಬುವ ಭರದಲ್ಲಿ ಸಿನಿಮಾ ನೋಡುವುದನ್ನೇ ಬಿಡುತ್ತಾರೆ.

ಭಾನುವಾರದ ಮೊದಲ ಸುತ್ತಿನಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಒಬ್ಬೊಬ್ಬರು ಕಂಡ ಒಂದೊಂದು ಚಿತ್ರವನ್ನಷ್ಟೇ ಹೇಳಬೇಕು: ಬಂಜರು ನೆಲ, ಕೈ, ತಕ್ಕಡಿ, ಗೂಳಿ. ಎಲ್ಲರ ಸರದಿಗೂ ಹದಿನೈದು ನಿಮಿಷ ಸಾಕು. ಭಾಷಣಕಾರರ ಬಾಯಿ ಕಟ್ಟಲು ಇದಕ್ಕಿಂತ ಮರ್ಯಾದೆಯ ದಾರಿ ಇಲ್ಲ. ಮಾತಾಡದೆ ಮೂಲೆಯಲ್ಲಿ ಕೂತ ಹೆಣ್ಣುಮಕ್ಕಳ ಮಾತೂ ಮೊದಲೇ ಹೊರಗೆ ಬಂದಿರುತ್ತದೆ.

ಆಮೇಲೆ ಎರಡು ದೃಶ್ಯಗಳನ್ನು, ತಲಾ ಮೂರು ನಾಲ್ಕು ನಿಮಿಷ, ಮತ್ತೆ ಹಾಕಿ.

ಒಂದು, ಕಣ್ಣಿನದು. ಬೇಲಿ ಇಲ್ಲದ ಜಮೀನು ಅದು. ಕೈದಿಗಳನ್ನು ಹಿಡಿದಿಟ್ಟಿರುವುದು ಜೈಲರನ ಎರಡು ಕಣ್ಣು. ಹೆಸರೇ ಹೇಳುವಂತೆ ಎರಡು ಕಣ್ಣು, ಹನ್ನೆರಡು ಕೈ. ನೀತಿಯ ಕಡೆಯಿಂದ ನೋಡುವವರು ಆ ಕಣ್ಣನ್ನು ಮನಸ್ಸಾಕ್ಷಿ ಎನ್ನುತ್ತಾರೆ: ಕಾವಲಿಲ್ಲದಾಗಲೂ ತಪ್ಪು ಮಾಡಲು ಬಿಡದ್ದು. ಆಗ ತಿರುಗಿಸಿ ಕೇಳಿ: ಕಣ್ಣು ಯಾರದ್ದು, ಕೈ ಯಾರದ್ದು? ಯೋಚನೆಯೆಲ್ಲ ಒಬ್ಬನದು, ದುಡಿಮೆ ಆರು ಜನರದ್ದು. ಗೋಡೆಯನ್ನು ತಲೆಯೊಳಗೇ ಕಟ್ಟಿಬಿಟ್ಟರೆ ಅದು ಬಿಡುಗಡೆಯೋ, ಇನ್ನೂ ಗಟ್ಟಿಯಾದ ಜೈಲೋ? ಎರಡು ಓದಿಗೂ ಸಾಕ್ಷಿ ಅದೇ ದೃಶ್ಯದಲ್ಲಿದೆ. ಯಾವುದು ಸರಿ ಎಂದು ತೀರ್ಪು ಕೊಡಲು ನಡೆಸುವವರು ಹೋಗಬಾರದು. ಹದಿನೈದು ನಿಮಿಷ ಇದಕ್ಕೇ ಇಟ್ಟುಕೊಳ್ಳಿ, ಬೇಕಾದರೆ ಇಪ್ಪತ್ತು.

ಇನ್ನೊಂದು, ತರಕಾರಿ ಮಾರುವ ದೃಶ್ಯ. ಕೈದಿಗಳು ಕಡಿಮೆ ರೇಟಿಗೆ ಮಾರಿದಾಗ ಅಲ್ಲಿನ ವ್ಯಾಪಾರಿಯ ಹೊಟ್ಟೆ ಉರಿಯುತ್ತದೆ, ಹೊಡೆಸುತ್ತಾನೆ. ಅಹಿಂಸೆಯ ಮಾತು ಕೊಟ್ಟವರು ತಿರುಗಿ ಹೊಡೆಯುವುದಿಲ್ಲ. ಪುಸ್ತಕ ಓದಿದವರು ಇಲ್ಲಿ ಗಾಂಧಿಯನ್ನು ಕಾಣುತ್ತಾರೆ. ಚಳ್ಳಕೆರೆ ಕಡೆ ಈರುಳ್ಳಿ ಬೆಳೆದವರು ಮೊದಲು ಕಾಣುವುದು ತಕ್ಕಡಿ, ದಲ್ಲಾಳಿ, ಕಮಿಷನ್ನು. "ಅವರು ತಿದ್ದಿಕೊಂಡರು, ಮಾರ್ಕೆಟ್ಟು ಯಾವಾಗ ತಿದ್ದಿಕೊಳ್ಳುತ್ತೆ?" ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಬಹುದು. ಕಥೆ ಒಬ್ಬ ಮನುಷ್ಯನ ಗುಣದಿಂದ ಊರಿನ ವ್ಯವಸ್ಥೆಗೆ ಹೊರಳುವುದು ಇಲ್ಲೇ. ರಾಜಕೀಯ ಓದು ಎಂದರೆ ಇದು, ಪಕ್ಷದ ಹೆಸರು ಎತ್ತುವುದಲ್ಲ.

ಇನ್ನು ಗಡಿಯಾರದ ಲೆಕ್ಕ. ಕೈದಿಗಳ ಕಣ್ಣೀರಿಗೆ ಎಷ್ಟು ನಿಮಿಷ, ಅವರ ಕೈಯಲ್ಲಿ ಸತ್ತವರ ಮನೆಯವರಿಗೆ ಎಷ್ಟು ನಿಮಿಷ? ಈ ಕೆಲಸವನ್ನು ಶನಿವಾರವೇ ಒಬ್ಬರಿಗೆ ಒಪ್ಪಿಸಿ, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಸುಮ್ಮನಿರಿ. ಕ್ಷಮಿಸುವ ಹಕ್ಕು ಜೈಲರನದೋ, ಪ್ರೇಕ್ಷಕರದೋ, ತೆರೆಯ ಮೇಲೆ ಬಾರದೇ ಹೋದವರದೋ ಎಂಬ ವಾದ ತಾನಾಗಿ ಏಳುತ್ತದೆ.

ಹೋಲಿಕೆಗೆ 'ನಾಗರಹಾವು' ಬಾಯಿಮಾತಿನಲ್ಲೇ ಬರಲಿ. ದುರ್ಗದಲ್ಲಿ ಆ ಕಥೆ ಗೊತ್ತಿಲ್ಲದವರು ಕಡಿಮೆ. ಚಾಮಯ್ಯ ಮೇಷ್ಟ್ರು ರಾಮಾಚಾರಿಯನ್ನು ತಿದ್ದಲು ಹೊರಟವರು. ಆದರೆ ತಿದ್ದುವುದೆಂದರೆ ಪ್ರತಿ ಸಲವೂ ಅವನು ಪ್ರೀತಿಸಿದವಳನ್ನು ಬಿಡಿಸುವುದು. ಕೊನೆಗೆ ಮೇಷ್ಟ್ರೂ ಉಳಿಯುವುದಿಲ್ಲ, ರಾಮಾಚಾರಿಯೂ ಅವನು ಪ್ರೀತಿಸಿದ ಕ್ರೈಸ್ತ ಹುಡುಗಿ ಮಾರ್ಗರೆಟ್ಟೂ ಉಳಿಯುವುದಿಲ್ಲ. ಶಿಷ್ಯನ ಹಟವೋ, ಗುರುವಿನ ಪ್ರೀತಿಯೊಳಗೆ ಅಡಗಿದ್ದ ಜಾತಿ-ಧರ್ಮದ ಗೆರೆಯೋ? ಇಲ್ಲಿ ನಟರ ಅಭಿಮಾನ ನುಗ್ಗುತ್ತದೆ, ಹುಷಾರು. ಪಾತ್ರದ ಹೆಸರು ಹೇಳಿ ಮಾತಾಡಬೇಕು, ನಟನ ಹೆಸರು ಹೇಳಬಾರದು ಎಂಬ ನಿಯಮ ಇಟ್ಟರೆ ಅರ್ಧ ಜಗಳ ಕಡಿಮೆ.

ಯಾರಾದರೂ "ವಾಲ್ಮೀಕಿಯೂ ಬೇಡನಾಗಿದ್ದು ಋಷಿಯಾಗಲಿಲ್ಲವೇ" ಎಂದೇ ಎನ್ನುತ್ತಾರೆ. ನಾಯಕ ಸಮುದಾಯ ದೊಡ್ಡದಾಗಿರುವ ಈ ಸೀಮೆಯಲ್ಲಿ, ಹರಿಹರದ ಹತ್ತಿರದ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠವೇ ಇರುವಾಗ, ಆ ಮಾತು ಹಗುರವಲ್ಲ. ದರೋಡೆಕೋರನ ಕಥೆಯನ್ನು ಸಮುದಾಯದ ಅನೇಕರು ಒಪ್ಪುವುದಿಲ್ಲ. ಮಾತು ತಡೆಯಬೇಡಿ. 'ಹುಟ್ಟಿದ ಕುಲವನ್ನೇ ಪಾಪ ಮಾಡಿ, ಅದರಿಂದ ಪಾರಾದದ್ದನ್ನು ಪುಣ್ಯ ಎಂದರೆ ಆ ಕಥೆ ಯಾರಿಗೆ ಅನುಕೂಲ?' ಎಂದು ಕೇಳಿ. ಇದರ ಪಕ್ಕಕ್ಕೆ ಕನ್ನದ ಮಾರಿತಂದೆಯನ್ನು ತನ್ನಿ. ಕನ್ನ ಕೊರೆಯುತ್ತಿದ್ದವನು ಶರಣನಾಗಿ ವಚನ ಬರೆದ, ಹೆಸರಿನ ಮುಂದಿನ 'ಕನ್ನ' ಮಾತ್ರ ಹೋಗಲಿಲ್ಲ. ಅದು ಗೌರವವೋ, ಅಳಿಯದ ಮಚ್ಚೆಯೋ? ಜೈಲಿನಿಂದ ಬಂದವರಿಗೆ ಕೆಲಸ, ಬಾಡಿಗೆ ಮನೆ ಸಿಗುವ ಮಾತಿಗೆ ಇಲ್ಲಿಂದ ನೇರ ದಾರಿ.

ಚರ್ಚೆ ಹಳಿ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಇವತ್ತಿನ ಪಕ್ಷ, ಮುಖಂಡರ ಹೆಸರು ಬಂದಾಗ ಒಂದೇ ಮಾತು ಹೇಳಿ: "ಅದಕ್ಕೆ ದೃಶ್ಯ ತೋರಿಸಿ." ದೃಶ್ಯವಿದ್ದರೆ ಮಾತು ಮುಂದುವರಿಯಲಿ. "ನಿರ್ದೇಶಕರ ಉದ್ದೇಶ ಅದಲ್ಲ" ಎಂದು ಬಾಗಿಲು ಹಾಕುವವರಿಗೂ ಅದೇ ಉತ್ತರ.

ಒಂದೂಕಾಲು ಗಂಟೆಗೆ ನಿಲ್ಲಿಸಿ, ಹಾಳೆಗಳನ್ನು ವಾಪಸ್ ತೆಗೆದುಕೊಳ್ಳಿ, ಹೆಸರು ಬೇಡ. ಮನೆಗೆ ಹೋಗಿ ಮೂರನೆಯ ಕಾಲಂ ಖಾಲಿ ಬಿಟ್ಟ ಹಾಳೆಗಳನ್ನು ಎಣಿಸಿ. ಅರ್ಧಕ್ಕಿಂತ ಹೆಚ್ಚಿದ್ದರೆ ಮುಂದಿನ ತಿಂಗಳು ತಪ್ಪಿತಸ್ಥನ ಕಥೆ ಬಿಟ್ಟು, ಅನ್ಯಾಯಕ್ಕೆ ಒಳಗಾದವರ ಕಡೆಯಿಂದ ಹೇಳಿದ ಸಿನಿಮಾ ಹಾಕಿ.