ನಾನು ಕೊನೆಗೆ ಮಾತಾಡುತ್ತೇನೆ

ಮೀಟಿಂಗಿನಲ್ಲಿ "ಏನಾದರೂ ತಕರಾರು ಇದ್ದರೆ ಹೇಳಿ" ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ನಿಜವಾದ ಮಾತು ಶುರುವಾಗುವುದು ಮೀಟಿಂಗ್ ಮುಗಿದ ಮೇಲೆ, ಕಾರಿಡಾರಿನಲ್ಲಿ. ಅದು ಕೋಣೆಯ ಒಳಗೇ ಬರಬೇಕು ಅನ್ನುವುದು ನನ್ನ ಹಟ.

ಅದಕ್ಕೇ ನಾನು ಲೀಡ್ ಆಗಿರುವ ಸಾಫ್ಟ್‌ವೇರ್ ಟೀಮಿನಲ್ಲಿ ನನ್ನ ಅಭಿಪ್ರಾಯ ಕೊನೆಗೆ. ಲೀಡ್ ಆದವರು "ಇದೇ ಸರಿ" ಅಂದುಬಿಟ್ಟರೆ ಚರ್ಚೆ ಅಲ್ಲಿಗೇ ಮುಗಿಯಿತು. ಮೊದಲು ಐದು ನಿಮಿಷ ಎಲ್ಲರೂ ಸುಮ್ನೆ ಕೂತು ಚೀಟಿಯಲ್ಲಿ ಬರೆಯುತ್ತಾರೆ. ಪ್ರಶ್ನೆ ಒಂದೇ: "ಈ ಪ್ರಾಜೆಕ್ಟ್ ನೆಲಕಚ್ಚಿದೆ ಅಂದುಕೊಳ್ಳಿ. ಯಾಕೆ?" ಇದು ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಪ್ರಿ-ಮಾರ್ಟಮ್ ವಿಧಾನ. ಸೋತಾಗಿದೆ ಅಂತ ಮೊದಲೇ ಒಪ್ಪಿಕೊಂಡಿರುವುದರಿಂದ ಅನುಮಾನ ಹೇಳುವವರು ಅಡ್ಡಗಾಲು ಹಾಕಿದ ಹಾಗೆ ಕಾಣುವುದಿಲ್ಲ. ಓದುವುದು ಎಲ್ಲರಿಗಿಂತ ಹೊಸಬರಿಂದ ಶುರು.

ಒಮ್ಮೆ ಆಗಷ್ಟೇ ಸೇರಿದ್ದ ಟೆಸ್ಟರ್ ಓದಿದರು: "ಹಳೇ ಗ್ರಾಹಕರ ಡೇಟಾವನ್ನು ಹೊಸ ಸಿಸ್ಟಮ್‌ಗೆ ತರುವ ಕೆಲಸ ಯಾರ ಹೆಸರಲ್ಲೂ ಇಲ್ಲ." ಸೀನಿಯರ್ ಒಬ್ಬರು "ಅದೆಲ್ಲ ಆಗುತ್ತೆ ಬಿಡಮ್ಮ" ಅಂದರು. ನಾನು ಕೇಳಿದ್ದು ಇಷ್ಟೇ: "ಯಾರು ಮಾಡ್ತಾರೆ?" ಉತ್ತರ ಬರಲಿಲ್ಲ. ಅಲ್ಲೇ ಕೆಲಸ ಹಂಚಿದೆವು, ರಿಲೀಸ್ ತಾರೀಖು ಮುಂದೆ ಹೋಯಿತು. ಮುಂದಿನ ಮೀಟಿಂಗಿನ ಮೊದಲ ವಿಷಯವೂ ಅದೇ.

ಆ ಮೊದಲ ದನಿ ಉಳಿಯುವುದು ತುಂಬಾ ಮುಖ್ಯ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಷ್ ನಡೆಸಿದ ಪ್ರಯೋಗಗಳಲ್ಲಿ, ಯಾವ ಗೆರೆ ಎಷ್ಟು ಉದ್ದ ಅನ್ನುವುದು ಕಣ್ಣೆದುರೇ ಕಾಣುತ್ತಿದ್ದರೂ ಎಷ್ಟೋ ಜನ ಗುಂಪಿನ ತಪ್ಪು ಉತ್ತರಕ್ಕೆ ತಲೆಯಾಡಿಸಿದರು. ಗುಂಪಿನಲ್ಲಿ ಇನ್ನೊಬ್ಬರು ಸರಿ ಉತ್ತರ ಹೇಳಿದಾಗ ಹಾಗೆ ತಲೆಯಾಡಿಸುವುದು ಬಹಳ ಕಡಿಮೆಯಾಯಿತು.

ಎಲ್ಲ ಸಲಹೆಗೂ ಹೂಂ ಅನ್ನಲು ಆಗುವುದಿಲ್ಲ. ಆದರೆ ಯಾಕೆ ಬೇಡ ಅನ್ನುವುದನ್ನು ಎಲ್ಲರೆದುರೇ ಹೇಳುತ್ತೇನೆ. ಹೇಳಿದ ಮಾತು ಎಲ್ಲಿಗೆ ಹೋಯಿತು ಅಂತಲೇ ತಿಳಿಯದಿದ್ದರೆ ಮುಂದಿನ ಸಲ ಚೀಟಿ ಖಾಲಿ ಬರುತ್ತದೆ. ಇನ್ನು ಗುಂಪಿನಲ್ಲಿ ಮಾತಾಡಲು ಹಿಂಜರಿಯುವವರನ್ನು ಎಲ್ಲರ ಮುಂದೆ ಹೆಸರು ಹಿಡಿದು ಕೇಳುವುದಿಲ್ಲ, ಬೇರೆಯಾಗಿ ಕೂತು ಮಾತಾಡುತ್ತೇನೆ.

ಹೀಗೆ ಮಾಡುತ್ತಾ ಹೋದರೆ ಟೀಮಿನಲ್ಲಿ ತಪ್ಪುಗಳೇ ಜಾಸ್ತಿ ಆದವೇನೋ ಅನ್ನಿಸಬಹುದು. ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ತಂಡಗಳಲ್ಲಿ ಇದನ್ನೇ ಕಂಡರು. ಚೆನ್ನಾಗಿ ನಡೆಯುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು, ಯಾಕೆಂದರೆ ಅಲ್ಲಿ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ. ಮೇಲಿನವರು "ನಿಮ್ಮ ಟೀಮಿನಲ್ಲಿ ಯಾಕೆ ಇಷ್ಟೊಂದು ಸಮಸ್ಯೆ?" ಅಂತ ಕೇಳಿದಾಗ ಇದನ್ನೇ ವಿವರಿಸುತ್ತೇನೆ. ಯಾರು ಹೇಳಿದರು ಅಂತ ಮಾತ್ರ ಹೇಳುವುದಿಲ್ಲ.