ನಾಸ್ ಪೆಟ್ಟಿಗೆಯಲ್ಲಿ ಹಾರ್ಡ್ ಡಿಸ್ಕ್ ಪದೇ ಪದೇ ಕೆಡುತ್ತಿದ್ದಾಗ ನಾನು ಕಾರಣ ಹುಡುಕಿದ ಬಗೆ

ಕುಂದಾಪುರದ ಒಂದು ವಿಡಿಯೊ ಸ್ಟುಡಿಯೊದವರು ಯಕ್ಷಗಾನ ಮೇಳಗಳ ರಾತ್ರಿಯಿಡೀ ನಡೆಯುವ ಆಟಗಳನ್ನೂ ಮದುವೆ, ಉಪನಯನಗಳನ್ನೂ ಚಿತ್ರೀಕರಿಸಿ, ನಾಲ್ಕು ಡಿಸ್ಕ್ ಹಿಡಿಯುವ ಒಂದು ನಾಸ್ ಪೆಟ್ಟಿಗೆಯಲ್ಲಿ, ಅಂದರೆ ನೆಟ್‌ವರ್ಕಿಗೆ ಜೋಡಿಸಿದ ಸಂಗ್ರಹ ಪೆಟ್ಟಿಗೆಯಲ್ಲಿ ಕೂಡಿಡುತ್ತಾರೆ. ತಲಾ 8 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನು ರೇಡ್ 5 ಮಾದರಿಯಲ್ಲಿ (ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ದತ್ತಾಂಶ ಮರಳಿ ಸಿಗುವಂತೆ) ಜೋಡಿಸಿದ್ದ ಆ ಪೆಟ್ಟಿಗೆಯಲ್ಲಿ ಮೂರನೆಯ ಸ್ಲಾಟಿನ ಡಿಸ್ಕ್ ಮತ್ತೆ ಮತ್ತೆ ಕೆಡುತ್ತಿತ್ತು. ಕೆಂಪು ದೀಪ ಹತ್ತಿದ ಡಿಸ್ಕನ್ನು ತೆಗೆದು ಹೊಸದನ್ನು ಹಾಕಿದರೆ ಕೆಲವು ವಾರ ಎಲ್ಲವೂ ಸರಿಯಿರುತ್ತಿತ್ತು. ಆಮೇಲೆ ಮತ್ತದೇ ಬೀಪ್ ಸದ್ದು. “ಮೂರ್ನೇದ್ ಮತ್ತೆ ಹೋಯ್ತ್ ಕಾಣಿ ಮಾರಾಯ್ರೆ” ಎಂದು ಮಾಲೀಕರು ಫೋನ್ ಮಾಡಿದಾಗ, ಸದ್ಯಕ್ಕೆ ಇನ್ನೊಂದು ಡಿಸ್ಕ್ ಕೊಳ್ಳುವುದು ಬೇಡ, ಇದುವರೆಗೆ ತೆಗೆದಿಟ್ಟವುಗಳನ್ನು ನನಗೆ ಕೊಡಿ ಎಂದು ಕೇಳಿಕೊಂಡೆ. ಒಂದೇ ಸ್ಲಾಟಿನಲ್ಲಿ ಬೇರೆ ಬೇರೆ ಡಿಸ್ಕ್‌ಗಳು ಕೆಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡಿಸ್ಕನ್ನಲ್ಲ, ಅದು ಕುಳಿತ ಜಾಗವನ್ನು ಮತ್ತು ಅದಕ್ಕೆ ಬರುವ ವಿದ್ಯುತ್ತನ್ನು.

ಪರೀಕ್ಷೆಗೆ ಕೈಹಾಕುವ ಮೊದಲು ಆ ವರ್ಷದ ತಿರುಗಾಟದ ಎಲ್ಲ ದಾಖಲೆಗಳನ್ನೂ ಹೊರಗಿನ ಡಿಸ್ಕ್‌ಗಳಿಗೆ ಪ್ರತಿ ಮಾಡಿಕೊಂಡೆ. ರೇಡ್ 5ರಲ್ಲಿ ಒಂದು ಡಿಸ್ಕ್ ಹೊರಬಿದ್ದ ಮೇಲೆ ಇನ್ನೊಂದು ಕೈಕೊಟ್ಟರೆ ಉಳಿಯುವುದು ಏನೂ ಇಲ್ಲ. ಅಂಥ ಸ್ಥಿತಿಯಲ್ಲಿ ಪೆಟ್ಟಿಗೆಯನ್ನು ಬಿಚ್ಚಿ ಪ್ರಯೋಗ ಮಾಡುವ ಧೈರ್ಯವನ್ನು ಯಾರೂ ಮಾಡಬಾರದು.

ತೆಗೆದಿಟ್ಟ ಡಿಸ್ಕ್‌ಗಳನ್ನು ನನ್ನ ಮೇಜಿನ ಮೇಲಿನ ಕಂಪ್ಯೂಟರಿಗೆ ನೇರವಾಗಿ ಸಾಟಾ ಕೇಬಲ್‌ನಿಂದ ಜೋಡಿಸಿ, ಅವು ತಮ್ಮೊಳಗೇ ಬರೆದುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ಓದಿದೆ. ಆ ದಾಖಲೆಯಲ್ಲಿ ಪ್ರತಿಯೊಂದು ಲಕ್ಷಣಕ್ಕೂ ಒಂದು ಸಂಖ್ಯೆಯಿದೆ. 5 ಎಂದರೆ ಕೆಟ್ಟ ಸೆಕ್ಟರಿನ (ಡಿಸ್ಕಿನೊಳಗಿನ ತಟ್ಟೆಯ ಮೇಲೆ ದತ್ತಾಂಶ ಇಡುವ ಚಿಕ್ಕ ಭಾಗದ) ಬದಲಿಗೆ ಬೇರೆ ಸೆಕ್ಟರ್ ಬಳಸಿಕೊಂಡ ಲೆಕ್ಕ. 197 ಎಂದರೆ ಓದಲಾಗದೆ ಇನ್ನೂ ತೀರ್ಮಾನವಾಗದೆ ಉಳಿದ ಸೆಕ್ಟರುಗಳು. 198 ಎಂದರೆ ತಪಾಸಣೆಯಲ್ಲಿ ಸರಿಪಡಿಸಲಾಗದವು. ಈ ಮೂರೂ ತಟ್ಟೆಯ ಮೇಲ್ಮೈಗೆ ಸಂಬಂಧಿಸಿದವು. 199 ಮಾತ್ರ ಬೇರೆ ಜಾತಿಯದು: ಡಿಸ್ಕಿಗೂ ಬೋರ್ಡಿಗೂ ನಡುವೆ ಹರಿಯುವಾಗ ದತ್ತಾಂಶ ಕೆಟ್ಟದ್ದನ್ನು ಅದು ಎಣಿಸುತ್ತದೆ, ಅಂದರೆ ಕೇಬಲ್ ಅಥವಾ ಕನೆಕ್ಟರ್ ಕಡೆ ಬೆರಳು ತೋರಿಸುತ್ತದೆ. 192 ಎಂಬುದು ಮುನ್ಸೂಚನೆಯಿಲ್ಲದೆ ವಿದ್ಯುತ್ ಕಡಿದುಹೋಗಿ ಓದುವ-ಬರೆಯುವ ಹೆಡ್ಡುಗಳು ತುರ್ತಾಗಿ ಹಿಂದಕ್ಕೆ ಸರಿದ ಸಲಗಳ ಎಣಿಕೆ. ಒಂದು ಡಿಸ್ಕನ್ನು ಬಿಟ್ಟರೆ ಉಳಿದವುಗಳಲ್ಲಿ 5, 197, 198 ಮೂರೂ ಸೊನ್ನೆ. ಆದರೆ 199 ಏರಿತ್ತು, ಮತ್ತು ಒಂದರಲ್ಲಿ 192ರ ಎಣಿಕೆ 400 ದಾಟಿತ್ತು. ನಾಸ್ ಪೆಟ್ಟಿಗೆಯ ದಿನಚರಿಯನ್ನು (ಲಾಗ್) ತೆರೆದು ನೋಡಿದರೆ, ಆ ಡಿಸ್ಕ್ ಒಳಗಿದ್ದ ಅವಧಿಯಲ್ಲಿ ಇಡೀ ಪೆಟ್ಟಿಗೆ ಮುನ್ಸೂಚನೆಯಿಲ್ಲದೆ ಆರಿದ್ದು ಬೆರಳೆಣಿಕೆಯ ಸಲ ಮಾತ್ರ. ಪೆಟ್ಟಿಗೆ ಆರದೆ ಅದರೊಳಗಿನ ಡಿಸ್ಕ್ ಮಾತ್ರ ನಾನೂರು ಸಲ ವಿದ್ಯುತ್ ಕಳೆದುಕೊಂಡಿತ್ತು!

ಸ್ಮಾರ್ಟ್ ದಾಖಲೆ ಶುದ್ಧವಾಗಿದ್ದ ಮಾತ್ರಕ್ಕೆ ಡಿಸ್ಕ್ ಗಟ್ಟಿಯಾಗಿದೆ ಎಂದು ನಂಬುವಂತಿಲ್ಲ. ಗೂಗಲ್‌ನ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಅತಿ ಮುಖ್ಯವೆಂದು ಕಂಡ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಮುಂಚಿತವಾಗಿ ಕೊಟ್ಟಿರಲಿಲ್ಲ. ಹಾಗಾಗಿ ಪ್ರತಿ ಡಿಸ್ಕಿನ ಮೇಲೂ ದೀರ್ಘ ಸ್ವಪರೀಕ್ಷೆಯನ್ನು ಓಡಿಸಿದೆ. 8 ಟಿಬಿಯ ಡಿಸ್ಕಿಗೆ ಅದು ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬಳಿಕ ಬ್ಯಾಡ್‌ಬ್ಲಾಕ್ಸ್ ಎಂಬ ಲಿನಕ್ಸ್ ಉಪಕರಣದಿಂದ ಡಿಸ್ಕಿನ ತುಂಬ ನಾಲ್ಕು ಮಾದರಿಗಳನ್ನು ಬರೆಸಿ ಓದಿಸಿದೆ. ಇಷ್ಟು ದೊಡ್ಡ ಡಿಸ್ಕ್‌ಗಳಲ್ಲಿ ಬ್ಲಾಕಿನ ಗಾತ್ರವನ್ನು 4096 ಎಂದು ಸ್ಪಷ್ಟವಾಗಿ ಕೊಡದಿದ್ದರೆ ಆ ಉಪಕರಣ ಓಡಲು ಒಪ್ಪುವುದಿಲ್ಲ, ಮತ್ತು ಈ ಪರೀಕ್ಷೆ ಡಿಸ್ಕಿನಲ್ಲಿರುವ ಎಲ್ಲವನ್ನೂ ಅಳಿಸಿಬಿಡುತ್ತದೆ ಎಂಬುದನ್ನು ಮರೆಯಬಾರದು. ಒಂದನ್ನು ಬಿಟ್ಟು ಎಲ್ಲವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವು. ‘ಹಾಳಾದ ಡಿಸ್ಕ್’ ಎಂದು ಚೀಟಿ ಅಂಟಿಸಿಕೊಂಡು ಕಪಾಟಿನಲ್ಲಿ ಕುಳಿತಿದ್ದವು ಬಹುಪಾಲು ಆರೋಗ್ಯವಾಗಿದ್ದವು.

ಮುಂದಿನ ಹೆಜ್ಜೆ ಅದಲುಬದಲಿನದು. ಪೆಟ್ಟಿಗೆಯನ್ನು ಪೂರ್ತಿ ಆರಿಸಿ ಒಂದನೆಯ ಮತ್ತು ಮೂರನೆಯ ಸ್ಲಾಟಿನ ಡಿಸ್ಕ್‌ಗಳ ಜಾಗವನ್ನು ಬದಲಿಸಿದೆ. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಪ್ರತಿ ಡಿಸ್ಕನ್ನು ಅದರೊಳಗೆ ಬರೆದಿಟ್ಟ ಗುರುತಿನಿಂದ ಪತ್ತೆಹಚ್ಚುತ್ತದೆಯೇ ಹೊರತು ಸ್ಲಾಟಿನ ಸಂಖ್ಯೆಯಿಂದಲ್ಲವಾದ್ದರಿಂದ ಇದು ಸಾಧ್ಯವಾಯಿತು. ಎಲ್ಲ ಪೆಟ್ಟಿಗೆಗಳೂ ಇದನ್ನು ಸಹಿಸುವುದಿಲ್ಲ, ಕೈಪಿಡಿಯನ್ನು ನೋಡಿಯೇ ಮಾಡಬೇಕು. ದೋಷ ಡಿಸ್ಕಿನ ಜೊತೆ ಹೋದರೆ ಡಿಸ್ಕ್ ಕೆಟ್ಟಿದೆ, ಸ್ಲಾಟಿನಲ್ಲೇ ಉಳಿದರೆ ಸ್ಲಾಟ್ ಕೆಟ್ಟಿದೆ. ಹೊಸದಾಗಿ ಮೂರನೆಯ ಸ್ಲಾಟಿಗೆ ಬಂದ, ಅದುವರೆಗೆ ಒಂದು ದೂರೂ ಇಲ್ಲದಿದ್ದ ಡಿಸ್ಕಿನಲ್ಲಿ ಕೆಲವೇ ದಿನಗಳಲ್ಲಿ 199 ಏರತೊಡಗಿತು.

ಪೆಟ್ಟಿಗೆಯನ್ನು ಬಿಚ್ಚಿ ಟಾರ್ಚ್ ಹಿಡಿದು ನೋಡಿದಾಗ, ಉಳಿದ ಮೂರು ಸ್ಲಾಟುಗಳ ಕನೆಕ್ಟರಿನ ಚಿನ್ನದ ಬಣ್ಣದ ಗೆರೆಗಳು ಹೊಳೆಯುತ್ತಿದ್ದರೆ ಮೂರನೆಯದರ ಗೆರೆಗಳು ಮಂಕಾಗಿ, ವಿದ್ಯುತ್ ಬರುವ ಕಡೆಯ ಎರಡು ಪಿನ್ನುಗಳ ಬುಡದಲ್ಲಿ ತೆಳುವಾದ ಹಸಿರು ಪೊರೆ ಕಟ್ಟಿತ್ತು. ಆ ಕೋಣೆ ನೆಲಮಹಡಿಯಲ್ಲಿದೆ, ಗೋಡೆಯಲ್ಲಿ ಮಳೆಗಾಲದ ತೇವ ಎದ್ದು ಕಾಣುತ್ತದೆ, ಸಮುದ್ರವೂ ದೂರವಿಲ್ಲ. ಹಗಲೆಲ್ಲ ಏಸಿ ಹಾಕಿ ರಾತ್ರಿ ಪೆಟ್ಟಿಗೆಯನ್ನೂ ಏಸಿಯನ್ನೂ ಆರಿಸಿ ಕಿಟಕಿ ತೆರೆದಿಡುವ ರೂಢಿ ಅವರದಾಗಿತ್ತು. ತಣ್ಣಗಾದ ಲೋಹದ ಮೇಲೆ ಹೊರಗಿನ ಬೆಚ್ಚಗಿನ ತೇವದ ಗಾಳಿ ಬಂದು ಹನಿಗಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇಕಿಲ್ಲ. ಡಿಸ್ಕ್‌ಗಳಿಗೆ ಬಿಸಿಯೇ ಶತ್ರು ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಮೈಕ್ರೋಸಾಫ್ಟ್‌ನ ಒಂಬತ್ತು ಬೃಹತ್ ಡೇಟಾ ಸೆಂಟರುಗಳ ಮಾಹಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗಾಳಿಯ ಸಾಪೇಕ್ಷ ಆರ್ದ್ರತೆ ಹೆಚ್ಚಿದಾಗ ಡಿಸ್ಕ್ ವೈಫಲ್ಯ ಗಣನೀಯವಾಗಿ ಏರುತ್ತದೆ, ಅದೂ ಕಂಟ್ರೋಲರ್ ಮತ್ತು ಸಂಪರ್ಕದ ಭಾಗಗಳು ಕೆಡುವುದರಿಂದ ಏರುತ್ತದೆ ಎಂದು ತೋರಿಸಿದೆ. ನಮ್ಮ ಕರಾವಳಿಯಲ್ಲಿ ಯಂತ್ರ ನೋಡಿಕೊಳ್ಳುವವರೆಲ್ಲ ಈ ಮಾತನ್ನು ಗಮನದಲ್ಲಿಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆದು ಬ್ರಷ್‌ನಿಂದ ಕನೆಕ್ಟರನ್ನು ತಿಕ್ಕಿ, ಒಣಗಿದ ಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದೆ. 199 ಅಲ್ಲಿಗೇ ನಿಂತಿತು. 192 ಮಾತ್ರ ನಿಲ್ಲಲಿಲ್ಲ. ಈಗ ಅದು ನಾಲ್ಕೂ ಡಿಸ್ಕ್‌ಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂದೊಂದಾಗಿ ಹೆಚ್ಚುತ್ತಿತ್ತು. ದಿನಚರಿಯಲ್ಲಿ ಸಮಯವನ್ನು ಹೊಂದಿಸಿ ನೋಡಿದಾಗ, ಬಳಕೆಯಿಲ್ಲದೆ ನಿದ್ರೆಗೆ ಜಾರಿದ್ದ ಡಿಸ್ಕ್‌ಗಳು ಒಟ್ಟಿಗೆ ಎಚ್ಚರಗೊಳ್ಳುವ ಕ್ಷಣದಲ್ಲೇ ಅದು ಆಗುತ್ತಿದೆ ಎಂದು ತಿಳಿಯಿತು. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕೂ ಒಮ್ಮೆಲೇ ಎಳೆದರೆ ಹೊರಗಿನ ಅಡಾಪ್ಟರಿನ ಶಕ್ತಿಯೆಲ್ಲ ಅಲ್ಲಿಗೇ ಮುಗಿಯುತ್ತದೆ. ಅಡಾಪ್ಟರಿಗೂ ಪೆಟ್ಟಿಗೆಗೂ ನಡುವೆ ಒಂದು ತುಂಡು ವೈರ್ ಸೇರಿಸಿ, ಕನಿಷ್ಠ ಅಳತೆಯನ್ನು ಹಿಡಿದಿಡುವ ಮಲ್ಟಿಮೀಟರ್ ಇಟ್ಟು ನೋಡಿದಾಗ, ಸಾಮಾನ್ಯವಾಗಿ 12.1 ಇರುತ್ತಿದ್ದ ವೋಲ್ಟೇಜ್ ಆ ಕ್ಷಣದಲ್ಲಿ 10.6ಕ್ಕೆ ಇಳಿಯುತ್ತಿತ್ತು. ಸಾಮಾನ್ಯವಾಗಿ ಡಿಸ್ಕ್‌ಗಳು ಸಹಿಸುವುದು ಶೇಕಡಾ 10ರಷ್ಟು ಇಳಿತವನ್ನು, ಅಂದರೆ 10.8ರವರೆಗೆ. ಅದೇ ವೋಲ್ಟೇಜ್ ಮತ್ತು ಆಂಪಿಯರ್ ಇರುವ ಹೊಸ ಅಡಾಪ್ಟರ್ ಹಾಕಿದ ಮೇಲೆ ಇಳಿತ 11.6ಕ್ಕೆ ನಿಂತಿತು. ಜೊತೆಗೆ ಡಿಸ್ಕ್‌ಗಳ ನಿದ್ರೆಯನ್ನೂ ನಿಲ್ಲಿಸಿ, ಪೆಟ್ಟಿಗೆಗೆಂದೇ ಒಂದು ಯುಪಿಎಸ್ ಇರಿಸಿ, ವಿದ್ಯುತ್ ಹೋದಾಗ ತಾನಾಗಿ ಮುಚ್ಚಿಕೊಳ್ಳುವಂತೆ ಯುಎಸ್‌ಬಿ ಸಂಪರ್ಕ ಕೊಟ್ಟೆ. ಅಲ್ಲಿದ್ದ ಮನೆಬಳಕೆಯ ಇನ್ವರ್ಟರಿನ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡಿನಲ್ಲಿ ಇರಲಿಲ್ಲ. ಅದರಿಂದ ಲೈನಿನಿಂದ ಬ್ಯಾಟರಿಗೆ ಬದಲಾಗುವಾಗ ವಿದ್ಯುತ್ ಇಲ್ಲದ ಅಂತರ ಹೆಚ್ಚಾಗುತ್ತಿತ್ತು.

ನಿಜವಾಗಿಯೂ ಕೆಟ್ಟಿದ್ದ ಆ ಒಂದು ಡಿಸ್ಕಿನ ಕಥೆ ಬೇರೆ. ಅದರಲ್ಲಿ 197 ಏರುತ್ತಲೇ ಇತ್ತು, ಮತ್ತು ಅದು ಸಾಮಾನ್ಯ ಡೆಸ್ಕ್‌ಟಾಪಿಗೆಂದು ಮಾಡಿದ ಡಿಸ್ಕ್ ಆಗಿತ್ತು. ನಾಸ್‌ಗೆಂದು ಮಾಡಿದ ಡಿಸ್ಕ್‌ಗಳು ಓದಲಾಗದ ಸೆಕ್ಟರನ್ನು ಸಾಮಾನ್ಯವಾಗಿ 7 ಸೆಕೆಂಡ್ ಪ್ರಯತ್ನಿಸಿ ಸೋತೆ ಎಂದು ಹೇಳಿಬಿಡುತ್ತವೆ. ಆಗ ರೇಡ್ ಉಳಿದ ಡಿಸ್ಕ್‌ಗಳಿಂದ ಆ ಭಾಗವನ್ನು ಲೆಕ್ಕಹಾಕಿ ಮತ್ತೆ ಬರೆಯುತ್ತದೆ. ಡೆಸ್ಕ್‌ಟಾಪಿನ ಡಿಸ್ಕ್ ನಿಮಿಷಕ್ಕೂ ಮೀರಿ ಹಟ ಹಿಡಿದು ಓದುತ್ತಿರಬಹುದು, ಆದರೆ ಲಿನಕ್ಸ್ ಕಾಯುವುದು ಪೂರ್ವನಿಗದಿತ 30 ಸೆಕೆಂಡ್ ಮಾತ್ರ. ಒಂದೇ ಸೆಕ್ಟರಿನಿಂದಾಗಿ ಇಡೀ ಡಿಸ್ಕ್ ಹೊರಬೀಳುವುದು ಹೀಗೆ. ಅಂಥ ಡಿಸ್ಕನ್ನು ಅನಿವಾರ್ಯವಾಗಿ ಬಳಸಬೇಕಾದಾಗ ಆ 30ನ್ನು 180ಕ್ಕೆ ಏರಿಸುತ್ತೇನೆ. ಕೊಳ್ಳುವಾಗ ನೋಡಬೇಕಾದ ಇನ್ನೊಂದು ಸಂಗತಿ ಎಸ್‌ಎಂಆರ್ ತಂತ್ರ. ಮಂಗಳೂರು ಹೆಂಚಿನಂತೆ ಇದರಲ್ಲಿ ಒಂದು ಪಟ್ಟಿಯ ಅಂಚನ್ನು ಮುಂದಿನ ಪಟ್ಟಿ ಮುಚ್ಚಿರುತ್ತದೆ, ನಡುವಿನ ಒಂದನ್ನು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಾಗುತ್ತದೆ. ರೇಡ್ ಮರುಜೋಡಣೆಯ ಭಾರೀ ಬರವಣಿಗೆಯಲ್ಲಿ ಇವು ಉಸಿರುಕಟ್ಟಿ, ಕೆಡದಿದ್ದರೂ ಕೆಟ್ಟಂತೆ ವರ್ತಿಸುತ್ತವೆ. ನಾಸ್‌ಗೆ ಪಟ್ಟಿಗಳು ಹೀಗೆ ಒಂದನ್ನೊಂದು ಮುಚ್ಚದ ಸಿಎಂಆರ್ ಡಿಸ್ಕನ್ನೇ ಕೇಳಿ ಕೊಳ್ಳಬೇಕು.

ಎಡಿಟಿಂಗ್ ಸ್ಪೀಕರುಗಳೂ ಪೆಟ್ಟಿಗೆಯೂ ಒಂದೇ ಕಬ್ಬಿಣದ ರ‍್ಯಾಕಿನ ಮೇಲಿದ್ದವು. ಚೆಂಡೆಯ ಏರುಪೆಟ್ಟನ್ನು ಜೋರಾಗಿ ಕೇಳಿಸಿದಾಗ ರ‍್ಯಾಕಿನ ಕಂಪನದಿಂದ ಫೈಲ್ ಪ್ರತಿಯ ವೇಗ ಕುಸಿಯುವುದನ್ನು ಪರದೆಯ ಮೇಲೆ ಮಾಲೀಕರಿಗೇ ತೋರಿಸಿದೆ. ಪೆಟ್ಟಿಗೆ ಈಗ ಮೇಲಿನ ಮಹಡಿಯ ಒಣ ಕೋಣೆಯಲ್ಲಿ, ಗೋಡೆಗೆ ತಾಗದ ಮರದ ಮೇಜಿನ ಮೇಲೆ ರಬ್ಬರಿನ ಹಾಳೆ ಹಾಸಿಕೊಂಡು ನಿಂತಿದೆ, ಮಳೆಗಾಲದಲ್ಲಿ ಅದನ್ನು ಆರಿಸುವುದಿಲ್ಲ. ಜೋಡಣೆಯನ್ನು ಎರಡು ಡಿಸ್ಕ್ ಹೋದರೂ ತಾಳುವ ರೇಡ್ 6ಕ್ಕೆ ಬದಲಿಸಿದೆವು, ತಿಂಗಳಿಗೊಮ್ಮೆ ಪೂರ್ಣ ತಪಾಸಣೆ ಓಡುತ್ತದೆ.

ಪಕ್ಕದಲ್ಲೇ ಒಂದು ರಿಜಿಸ್ಟರ್ ಪುಸ್ತಕವಿದೆ. ಪ್ರತಿ ತಿಂಗಳು ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆ, ಸ್ಲಾಟ್, 5, 192, 197, 199ರ ಎಣಿಕೆಗಳನ್ನು ಸ್ಟುಡಿಯೊದ ಹುಡುಗರು ಅದರಲ್ಲಿ ಬರೆಯುತ್ತಾರೆ. ವಾರಂಟಿಗೆ ಕಳಿಸುವ ಡಿಸ್ಕಿನ ಜೊತೆ ಆ ಪುಟದ ಪ್ರತಿಯನ್ನೂ ದೀರ್ಘ ಪರೀಕ್ಷೆ ಸೋತ ವರದಿಯನ್ನೂ ಲಗತ್ತಿಸುತ್ತೇವೆ. ಬದಲಿಯಾಗಿ ಬಂದ ಡಿಸ್ಕಿನಲ್ಲಿ ಮೊದಲು 9ನೆಯ ಲಕ್ಷಣವನ್ನು, ಅಂದರೆ ಅದು ಈಗಾಗಲೇ ಓಡಿದ ಗಂಟೆಗಳನ್ನು ನೋಡಿಕೊಂಡು, ಬ್ಯಾಡ್‌ಬ್ಲಾಕ್ಸ್ ಪರೀಕ್ಷೆ ಮುಗಿದ ಮೇಲಷ್ಟೇ ಪೆಟ್ಟಿಗೆಗೆ ಸೇರಿಸುತ್ತೇವೆ.